ಮೆಲ್ಲ ಮೇಲೆ

ಬಿದಿರಿನ ಮೇಲೆ ಹಗ್ಗದ ಮೂರನೆಯ ಸುತ್ತು ಬೀಳುವಷ್ಟರಲ್ಲಿ ಪುಟ್ಟಬಸಮ್ಮ ಬಂದು ವೃಷಭೇಂದ್ರನ ಕೈಯಿಂದ ಅದನ್ನು ಕಿತ್ತುಕೊಂಡಳು.

"ಬುಡು ಅಗ್ಗವ. ನೀ ಕಟ್ಬ್ಯಾಡ."

ಅಂಗಳದಲ್ಲಿ ಬಿದಿರು ಸೀಳುತ್ತಿದ್ದ ಬಿಳಿಗಿರಿಯ ಮಚ್ಚು ನಿಂತಿತು. ಒಳಗೆ ನಡುಮನೆಯಲ್ಲಿ ಮಾದಯ್ಯ ಗೋಡೆಗೆ ಒರಗಿ, ಕಾಲು ಮಡಚಿ ಕುಳಿತಿದ್ದ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ನಿನ್ನೆ ಸಂಜೆ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡವನು ಮತ್ತೆ ಲೋಟ ಎತ್ತಿರಲಿಲ್ಲ.

"ಯಾಕತ್ಗೆ? ಅಣ್ಣನ ಇಮಾನವ ನಾ ಕಟ್ದೆ ಇನ್ಯಾರು ಕಟ್ಟಾರು?"

"ಕಟ್ಟೀಯೆ. ನಾಳಿಕೆ ತಾಳವಾಡಿ ಬಸ್‌ಸ್ಟ್ಯಾಂಡಲ್ಲಿ ನಿಂತ್ಕಂಡು ಆಡೂ ತೋರಿಸೀಯೆ. ನಿಮ್ಮಪ್ಪುಂದ ತೋರುಸ್ದಂಗೆ."

ಬಿ.ಎ. ಮುಗಿಸಿ ತಾಳವಾಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು ವೃಷಭೇಂದ್ರ. ಕಾಗದಕ್ಕೆ ಮಿಷನ್ನು, ಮನುಷ್ಯರಿಗೆ ಗಂಟಲು. ಊರ ಲೆಕ್ಕಿಗ ವಿ.ಎ.ಒ.ನ ಕೆಮ್ಮು, ಹಾಸನೂರು ಬಸ್ಸಿನ ಕಂಡಕ್ಟರನ ತಮಿಳು, ಅಯ್ನೋರ ಮಂತ್ರ, ಯಾವುದನ್ನು ಕೇಳಿದರೂ ಅಸಲಿಗಿಂತ ನಕಲೇ ಸ್ಪಷ್ಟ. ಅಪ್ಪನ ಸಾವನ್ನೂ ಬಿಟ್ಟಿರಲಿಲ್ಲ. ಸಮಾಧಿಗೆಂದು ಗೆಟ್ಟವಾಡಿಯ ಇವರ ಹೊಲದ ದಿಬ್ಬ ಹತ್ತುವಾಗ, ಕೂರಿಸಿ ಹೊತ್ತಿದ್ದ ಅಪ್ಪ ಹಿಂದಕ್ಕೂ ಮುಂದಕ್ಕೂ ಜೋಲಿ ಹೊಡೆದು, ತಲೆ ಆಡಿಸುತ್ತ ಹೋಗಿದ್ದ. ಬದುಕಿದ್ದಾಗ ಯಾರ ಮಾತಿಗೂ ಹ್ಞೂಂ ಎನ್ನದವನು ಸತ್ತ ಮೇಲೆ ಊರಿಗೆಲ್ಲ ಹ್ಞೂಂ ಅಂದ ಎಂದು ಜನ ನಕ್ಕರು. ವೃಷಭೇಂದ್ರ ಅದನ್ನು ಆಡಿ ತೋರಿಸಿ ಇನ್ನಷ್ಟು ನಗಿಸಿದ. ನಗದವನು ಮಾದಯ್ಯ ಒಬ್ಬನೇ.

ಮಾದಯ್ಯನನ್ನೂ ಈಗ ಅದೇ ದಿಬ್ಬ ಹತ್ತಿಸಬೇಕು.

*

ಈ ಕಡೆ ಸತ್ತವರನ್ನು ಕೂರಿಸಿ ಒಯ್ಯುವ ಬಿದಿರು-ಹೂವಿನ ಮಂಟಪಕ್ಕೆ ವಿಮಾನ ಎಂದೇ ಹೆಸರು. ಆ ಒಂದು ಹೆಸರಿಗೆ ಸಿಕ್ಕಿಕೊಂಡು ಮಾದಯ್ಯನ ಮದುವೆಯೇ ಮುರಿಯುವುದರಲ್ಲಿತ್ತು.

ಪಣಕಹಳ್ಳಿಗೆ ಹೆಣ್ಣು ನೋಡಲು ಹೋದಾಗ ಪುಟ್ಟಬಸಮ್ಮನ ಅಪ್ಪ ಕೇಳಿದ್ದ, "ಉಡ್ಗ ಏನ್ ಕೆಲ್ಸ ಮಾಡಾದು?"

"ಕೊಯಮತ್ತೂರಲ್ಲಿ ಇಮಾನ ಕಟ್ತನೆ" ಎಂದು ಮಾದಯ್ಯನ ಅಪ್ಪ ಎದೆಯುಬ್ಬಿಸಿ ಹೇಳಿದ.

ಹೆಣ್ಣಿನ ಅಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟ. "ಎಣ ಕಟ್ಟೋನ್ಗೆ ಎಣ್ಣು ಕೊಡಾದಾ?"

'ಹ' ಇಲ್ಲದ ನಾಲಿಗೆಯಲ್ಲಿ ಎಣಕ್ಕೂ ಎಣ್ಣಿಗೂ ಒಂದು ಒತ್ತಿನ ದೂರ. ಮಾದಯ್ಯ ತಣ್ಣಗೆ, "ಆರೋ ಇಮಾನ ಮಾವ, ಅದ್ರದೇ ದೊಡ್ಡ ಬೊಂಬೆ. ಮ್ಯೂಸಿಯಂ ಚಾವಣಿಗೆ ಕಟ್ಟಾದು" ಎಂದ.

"ಆರಾದ್ನ ಯಾಕಪ್ಪ ಕಟ್ಟಾಕೀರಿ?"

ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗುವಿಗೇ ಮದುವೆ ಗೊತ್ತಾಯಿತು. ಆಮೇಲೆ ನೆಂಟರ ಮದುವೆ ಒಂದೂ ವೃಷಭೇಂದ್ರನ 'ಎಣ-ಎಣ್ಣು' ಇಲ್ಲದೆ ನಡೆಯಲಿಲ್ಲ. ಪುಟ್ಟಬಸಮ್ಮನೂ ಪ್ರತಿಸಲ ಸೆರಗು ಬಾಯಿಗಿಟ್ಟು ನಕ್ಕಿದ್ದಳು. ಆದರೆ ಮ್ಯೂಸಿಯಮ್ಮಿಗೆ ಮಾತ್ರ ಹೋಗಲೇ ಇಲ್ಲ. ರಾಗಿ ಕೊಯ್ಲಾಗಲಿ, ಎಮ್ಮೆ ಈಯಲಿ, ಮಗಳು ಪವಿತ್ರಳ ಬಾಣಂತನ ಮುಗಿಯಲಿ ಎನ್ನುತ್ತಲೇ ಇದ್ದಳು. ಗಂಡ ಪೆನ್ಷನ್ ತೆಗೆದುಕೊಂಡು ಊರಿಗೆ ಬಂದೇಬಿಟ್ಟ.

*

"ಅತ್ಗೆ, ಅಣ್ಣನೇ ಯೋಳಿದ್ದ. ನನ್ನ ಇಮಾನವ ನೀನೇ ಕಟ್ಬೇಕು, ಅಪ್ಪನಂಗೆ ತಲೆ ಆಡುಸ್ಕಂಡು ಓಗಾಕೆ ನನ್ಗಾಗಲ್ಲ ಅಂತ."

"ನೀ ಏನಂದೆ?"

"ನಾ ಬರೀ ಬಾಯಲ್ಲಿ ಇಮಾನ ಬುಡೋನು ಅಂದೆ."

ಪುಟ್ಟಬಸಮ್ಮ ನಗಲಿಲ್ಲ. ಹಗ್ಗವನ್ನು ಅವನ ಕಾಲ ಬಳಿ ಹಾಕಿ ಒಳಗೆ ಹೋದಳು.

ವೃಷಭೇಂದ್ರ ಕಟ್ಟಿದ್ದನ್ನೆಲ್ಲ ಬಿಚ್ಚಿದ. ಹೊರುವ ಎರಡು ಗಳುಗಳಿಗೆ, ಕೂರಿಸುವ ಹಲಗೆಯನ್ನು ಬಿಗಿಯುವುದು ರೂಢಿ. ಅವನು ಹಲಗೆಯನ್ನು ಬಿಡಿಯಾಗಿ ಇಟ್ಟ. ಮಂಟಪದ ನೆತ್ತಿಯ ನಡುವೆ ಒಂದೇ ಒಂದು ಅಡ್ಡಬಿದಿರು ಕಟ್ಟಿ, ಅದರಿಂದ ನಾಲ್ಕು ಹಗ್ಗ ಇಳಿಬಿಟ್ಟು ಹಲಗೆಯ ನಾಲ್ಕು ಮೂಲೆಗೆ ಹಾಕಿದ.

ಅಯ್ನೋರು ಬಸವಯ್ಯ ಜಗಲಿಯಿಂದ ಎದ್ದು ಬಂದರು. "ಏನ್ಲಾ ಇದು, ಉಯ್ಯಾಲೆನಾ? ಅಲುಗಾಡೋದ್ರ ಮ್ಯಾಲೆ ಕೂರುಸ್ಬವುದೇನ್ಲಾ?"

"ಅಲುಗ್ದೆ ಇರ್ಲಿ ಅಂತ್ಲೇ ತೂಗಾಕ್ತಿರಾದು ಬುದ್ದಿ. ಗಳ ವಾಲುದ್ರೂ ಅಲಗೆ ವಾಲ್ಬಾರ್ದು."

"ಯಾವ ಸಾಸ್ತ್ರದಲ್ಲದೆ?"

"ಮ್ಯೂಸಿಯಂ ಸಾಸ್ತ್ರ."

ತೂಕಕ್ಕೆಂದು ರಾಗಿ ಮೂಟೆಯೊಂದನ್ನು ಹಲಗೆಯ ಮೇಲಿಟ್ಟು, ಬಿಳಿಗಿರಿ ಮತ್ತು ಜೊತೆಯವರು ಮಂಟಪವನ್ನು ಹೆಗಲಿಗೇರಿಸಿದರು. ವೃಷಭೇಂದ್ರ ಅದರ ಕೆಳಗೆ, ಅಂಗಳದ ಮಣ್ಣಿನಲ್ಲಿ ಅಂಗಾತ ಮಲಗಿಬಿಟ್ಟ.

ಹೆಂಗಸರ ಅಳು ಒಮ್ಮೆಲೇ ನಿಂತಿತು. ಯಾರೋ, "ಸುರುಮಾಡ್ದ ನೋಡು ನಾಟ್ಕವ" ಎಂದರು. ಪುಟ್ಟಬಸಮ್ಮ ಬಾಗಿಲಿಗೆ ಬಂದಳು. ಅವಳ ಮುಖ ನೋಡಿ ಬಿಳಿಗಿರಿಯೇ ಒಂದು ಹೆಜ್ಜೆ ಹಿಂದೆ ಸರಿದ.

"ಏಳ್ಲಾ ಮ್ಯಾಕೆ."

ವೃಷಭೇಂದ್ರ ಏಳಲಿಲ್ಲ. ಮಲಗಿದಲ್ಲಿಂದಲೇ ಹೇಳಿದ, "ಅಣ್ಣ ಇಂಗೇ ಮಲಗಿ ನೋಡಾವ್ನು ಅತ್ಗೆ."

*

ನಾಲ್ಕು ವರ್ಷದ ಹಿಂದೆ, ಎರಡು ಸಾವಿರದ ಮೂರರಲ್ಲಿ, ಜೆರಾಕ್ಸ್ ಮಿಷನ್ನಿನ ಇಂಕು ತರಲು ಕೊಯಮತ್ತೂರಿಗೆ ಇಳಿದವನು ಮ್ಯೂಸಿಯಮ್ಮಿಗೂ ಹೋಗಿದ್ದ. ನೆಲದ ಮೇಲೆ ಹಳೆಗಾಲದ ಜೋಡಿರೆಕ್ಕೆಯ ವಿಮಾನದ ಮಾದರಿ. ಮರದ ಎಲುಬು, ಬಟ್ಟೆಯ ಚರ್ಮ. ರೆಕ್ಕೆ ಮನೆಯ ಅಂಗಳಕ್ಕಿಂತ ಅಗಲ. ನೆಲದ ಮೇಲೆ ಅದು ಮಲಗಿದ ಎತ್ತಿನಂತಿತ್ತು, ಏಳಲಾರದ ಎತ್ತು.

ನಾಲ್ಕು ಮೂಲೆಯಲ್ಲಿ ನಾಲ್ವರು ತಮಿಳರು ರಾಟೆಯ ಸರಪಳಿ ಹಿಡಿದು ನಿಂತಿದ್ದರು. ಮಾದಯ್ಯ ಅದರ ಕೆಳಗೆ ಅಂಗಾತ ಮಲಗಿದ್ದ.

"ನೋಡೋರು ಕೆಳಗಿಂದ ನೋಡಾದು ಕಣ್ಲಾ. ಕಟ್ಟೋನೂ ಕೆಳಗಿಂದ್ಲೇ ನೋಡ್ಬೇಕು" ಎಂದ. ಆಮೇಲೆ ಚಾವಣಿಗೆ ಹೇಳುವವನ ಹಾಗೆ, "ಮೆಲ್ಲ... ಮೇಲೆ. ಮೆಲ್ಲ... ಮೇಲೆ."

ತಮಿಳರಿಗೆ ಅದು ತಮಿಳು, ವೃಷಭೇಂದ್ರನಿಗೆ ಕನ್ನಡ. ವಿಮಾನಕ್ಕೆ ಯಾವ ಭಾಷೆಯೋ. ಅದು ಎದ್ದಿತು. ಚಕ್ರ ನೆಲ ಬಿಟ್ಟಿತು. ಗಾಳಿಯೇ ಇಲ್ಲದ ಆ ಹಜಾರದಲ್ಲಿ ರೆಕ್ಕೆಯ ಬಟ್ಟೆ ಒಮ್ಮೆ ಉಸಿರೆಳೆದುಕೊಂಡಂತಾಯಿತು. ಅದರ ನೆರಳು ಅಣ್ಣನ ಮೇಲೆ ಹರಡಿ, ಅಗಲವಾಗಿ, ತೆಳುವಾಗಿ, ಗೋಡೆ ಹತ್ತಿಹೋಯಿತು.

"ಮೂತಿ ಒಂಚೂರು ಎತ್ತಿ. ಕೆಳಕಾದ್ರೆ ಬೀಳಾದು. ಸಮವಾದ್ರೆ ನಿಂತಿರಾದು. ಮೇಲಾದ್ರೆ ಓಗಾದು." ಕೊನೆಗೆ ಎದ್ದು ಬೆನ್ನಿನ ಧೂಳು ಕೊಡವಿಕೊಂಡು, "ತಂತಿ ಕಂಡ್ರೆ ಕಟ್ಟಿದ್ದು. ಕಾಣ್ದಿದ್ರೆ ಆರಿದ್ದು" ಎಂದ. ತನ್ನ ವಿಮಾನವನ್ನು ತಮ್ಮನೇ ಕಟ್ಟಬೇಕೆಂದು ಹೇಳಿದ್ದೂ ಆಗಲೇ.

ಹಿಂದಿರುಗುವ ಬಸ್ಸಿನಲ್ಲಿ ಘಾಟಿಯುದ್ದಕ್ಕೂ ವೃಷಭೇಂದ್ರ ಆ 'ಮೆಲ್ಲ ಮೇಲೆ'ಯನ್ನು ಗಂಟಲಿಗೆ ಕೂರಿಸಲು ನೋಡಿದ. ಬರಲಿಲ್ಲ. ಊರಿಗೆ ಊರೇ ಬಂದ ಗಂಟಲಿಗೆ ಅಣ್ಣ ಒಬ್ಬ ಬರಲಿಲ್ಲ.

*

ಅವನು ಹೇಳಿದ್ದನ್ನು ಪುಟ್ಟಬಸಮ್ಮ ಬಾಗಿಲಲ್ಲಿ ನಿಂತೇ ಕೇಳಿದಳು. "ತಂತಿ ಕಾಣ್ಬಾರ್ದು ಅಂದ್ರಾ?" ಎಂದಳು.

"ಊಂ ಅತ್ಗೆ."

ಮಂಟಪ ಕೆಳಗಿಳಿಸುವಷ್ಟರಲ್ಲಿ ಒಳಗೆ ಹೋಗಿ ಹೂವಿನ ಕುಕ್ಕೆ ತಂದಳು. ನಾಲ್ಕೂ ಹಗ್ಗಕ್ಕೆ ಮೇಲಿಂದ ಕೆಳಗಿನವರೆಗೆ ಚೆಂಡು ಹೂವಿನ ಸರವನ್ನು ತಾನೇ ಸುತ್ತಿದಳು. ಒಂದು ಕಡೆ ಹಗ್ಗದ ಎಳೆ ಇಣುಕಿತು. ಬಿಚ್ಚಿ ಮತ್ತೆ ಸುತ್ತಿದಳು. ವೃಷಭೇಂದ್ರ ಎದ್ದು ಮುಂದಿನ ಎರಡು ಗಂಟುಗಳನ್ನು ಒಂದು ಬೆರಳಿನಷ್ಟು ಮೇಲಕ್ಕೆಳೆದ.

ಮಾದಯ್ಯನನ್ನು ತಂದು ಕೂರಿಸಿದರು. ಬೆನ್ನಿಗೂ ಕತ್ತಿಗೂ ವಸ್ತ್ರದ ಆಸರೆ ಕೊಟ್ಟರು. ನಾಲ್ವರು ಗಳುಗಳಿಗೆ ಹೆಗಲು ಕೊಟ್ಟು ಕುಕ್ಕರಿಸಿದರು. ಎಲ್ಲರೂ ಒಟ್ಟಿಗೆ ಏಳಬೇಕು, ಒಬ್ಬ ಮುಂಚೆ ಎದ್ದರೂ ಕೆಟ್ಟಿತು.

"ಯೋಳು ವೃಷಬಣ್ಣ" ಎಂದ ಬಿಳಿಗಿರಿ.

ವೃಷಭೇಂದ್ರ ಉಸಿರೆಳೆದುಕೊಂಡ.

"ಮೆಲ್ಲ... ಮೇಲೆ."

ತಮಟೆಯವನ ಕೈ ಗಾಳಿಯಲ್ಲೇ ನಿಂತಿತು. ಒಳಗಿನಿಂದ ಪವಿತ್ರ, "ಅಪ್ಪ" ಎನ್ನುತ್ತ ಹೊರಗೋಡಿ ಬಂದಳು. ಬಸವಯ್ಯನವರು ಕೂತಿದ್ದವನ ಮುಖವನ್ನೊಮ್ಮೆ, ತಮ್ಮನ ಮುಖವನ್ನೊಮ್ಮೆ ನೋಡಿ ಕೈಮುಗಿದರು. ಯಾರ ಕಡೆಗೆ ಮುಗಿದರೋ ಗೊತ್ತಾಗಲಿಲ್ಲ. ವೃಷಭೇಂದ್ರನಿಗೂ ಗೊತ್ತಿರಲಿಲ್ಲ, ದನಿ ಎಲ್ಲಿಂದ ಬಂತೆಂದು. ಅವನು ಅದನ್ನು ತೆಗೆದಿರಲಿಲ್ಲ. ಅದೇ ಬಂದಿತ್ತು.

"ಮೆಲ್ಲ... ಮೇಲೆ."

ವಿಮಾನ ನೆಲ ಬಿಟ್ಟಿತು.

ದಿಬ್ಬದ ಬುಡದವರೆಗೆ ಪುಟ್ಟಬಸಮ್ಮ ಹಿಂದೆ ಹಿಂದೆಯೇ ನಡೆದಳು. ಅಲ್ಲಿಂದ ದಾರಿ ಕಡಿದು. ಗಳುಗಳ ಮುಂದಿನ ತುದಿಗಳು ಮೇಲಾದವು, ಹಿಂದಿನವು ತಗ್ಗಿದವು, ಮಂಟಪವೇ ಹಿಂದಕ್ಕೆ ವಾಲಿತು. ಅವಳು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದಾರಿಯ ಮಣ್ಣಿನಲ್ಲಿ ಕುಳಿತು, ತಲೆಯೆತ್ತಿ ಕೆಳಗಿಂದ ನೋಡಿದಳು.

ಹೂವು ಕಾಣುತ್ತಿತ್ತು, ಹಗ್ಗ ಕಾಣುತ್ತಿರಲಿಲ್ಲ. ಮಾದಯ್ಯ ತಲೆ ಒಂಚೂರು ಎತ್ತಿಕೊಂಡು, ಅಲುಗದೆ, ಹೊತ್ತವರೆಲ್ಲರಿಗಿಂತ ಮೇಲೆ, ದಿಬ್ಬದಾಚೆಯ ಬಯಲು ಆಕಾಶದ ಕಡೆಗೆ ಹೋಗುತ್ತಿದ್ದ.