ನೀರಿನ ಕಡೆ

ಎಡಕ್ಕೆ ನೋಡಬೇಕಾದಾಗ ನಮ್ಮ ಮಾವ ಬರೀ ಕಣ್ಣನ್ನಾಗಲಿ ಕತ್ತನ್ನಾಗಲಿ ತಿರುಗಿಸುತ್ತಿರಲಿಲ್ಲ. ಸೊಂಟದಿಂದ ಮೇಲಿನ ಸಮಸ್ತ ಶರೀರವನ್ನು, ಗುಂಡಿ ಹಾಕಿದ ಕೋಟಿನ ಸಮೇತ, ಗೋಡೆಗೊರಗಿಸಿದ ಬೀರುವನ್ನು ಸರಿಸಿದಂತೆ ನಿಧಾನವಾಗಿ ತಿರುಗಿಸುತ್ತಿದ್ದರು. ಕಂಡವರು ಅದನ್ನು ಅಧಿಕಾರದ ಗಾಂಭೀರ್ಯವೆಂದೇ ತಿಳಿದರು. ಮೂವತ್ತೊಂದು ವರ್ಷ ಜನರಿಗೆ ಗಾಡಿ ಓಡಿಸುವ ಲೈಸೆನ್ಸು ಕೊಟ್ಟ, ಅದಕ್ಕಿಂತ ಹೆಚ್ಚಾಗಿ ಕೊಡದೆ ಕಳಿಸಿದ ಬ್ರೇಕ್ ಇನ್ಸ್‌ಪೆಕ್ಟರು ಅವರು. ನಿವೃತ್ತಿಯ ನಂತರವೂ ಒಂದಿಷ್ಟು ಗತ್ತು ಮೈಯಲ್ಲಿ ಉಳಿದಿದ್ದರೆ ಆಶ್ಚರ್ಯವೇನು ಎಂದು ನಾನೂ ಅಂದುಕೊಂಡಿದ್ದೆ. ಸರೋವರವನ್ನು ಸುತ್ತಿ ಬರಲು ಹೊರಟ ಬೆಳಿಗ್ಗೆ, ಡಿಕ್ಕಿಗೆ ಚೀಲ ತುಂಬುತ್ತಿದ್ದಾಗ, ಅತ್ತೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಅವರ ಎಡಗಣ್ಣು ಪೂರ್ತಿ ಹೋಗಿದೆ ಕಣೋ. ಕೋಟು ಒಗೆಯೋಕೆ ಹಾಕುವಾಗ ಒಳಜೇಬಲ್ಲಿ ಡಾಕ್ಟರ ಚೀಟಿ ಸಿಕ್ತು. ನಂಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ನೀನು ಮುಂದೆ ಕೂತ್ಕೊಂಡು ಎಡಗಡೆ ನೋಡ್ತಿರು. ಏನಾದ್ರೂ ಅಡ್ಡ ಬಂದ್ರೆ ಹೇಳು. ಆದ್ರೆ ಹೇಳಿದ ಹಾಗಿರಬಾರ್ದು."

ಹೇಳಬೇಕು, ಹೇಳಿದ ಹಾಗೂ ಇರಬಾರದು! ಮೂರು ದಿನದ ದಾರಿ, ಆಚೆ ದಡ ಕಾಣದಷ್ಟು ದೊಡ್ಡ ಸರೋವರ, ಅದರ ಅಂಚಿಗೆ ಅಂಟಿಕೊಂಡ ಕಿರಿದಾದ ರಸ್ತೆ. "ನಾನೇ ಓಡಿಸ್ತೀನಿ ಮಾವ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದು ಕೈ ಚಾಚಿ ನೋಡಿದೆ. ಅವರು ಕೀಯನ್ನು ಮುಷ್ಟಿಯೊಳಗೆ ಇನ್ನಷ್ಟು ಭದ್ರಮಾಡಿಕೊಂಡು, "ನೀನು ಗೇರ್ ಹಾಕೋದು ನೋಡಿದೀನಿ. ಹುಳಿ ತಿರುವೋ ಹಾಗೆ ತಿರುವ್ತೀಯ" ಎಂದರು. ಅಷ್ಟಕ್ಕೇ ನಾನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಾವನ ಶಿಸ್ತು ಊರಿಗೆಲ್ಲ ಗೊತ್ತಿದ್ದದ್ದು. ಪರೀಕ್ಷೆಯಲ್ಲಿ ಸೋತವರಿಗೆ ನಪಾಸು ಎಂಬ ಮಾತನ್ನು ಅವರು ಎಂದೂ ಆಡಿದವರಲ್ಲ. ಕಾಗದ ಮಡಿಸಿ ಕೈಗಿಟ್ಟು, ಅತ್ಯಂತ ಸೌಜನ್ಯದಿಂದ, "ಮತ್ತೆ ಬನ್ನಿ" ಎನ್ನುತ್ತಿದ್ದರು. ಆ ಸೌಜನ್ಯಕ್ಕೇ ಜನ ಹೆದರುತ್ತಿದ್ದರು. ಮನೆಗೆ ಬಂದ ನೆಂಟರೊಬ್ಬರು, ಮೂರು ಸಲ ಅವರ ಕೈಯಲ್ಲಿ ಸೋತವರು, ಊಟ ಮುಗಿಸಿ ಹೊರಟಾಗ ಮಾವ ಬಾಗಿಲಲ್ಲಿ ನಿಂತು ಯಜಮಾನಿಕೆಯ ರೂಢಿಯಂತೆ "ಮತ್ತೆ ಬನ್ನಿ" ಅಂದದ್ದಕ್ಕೆ ಮುಖ ಬಿಳುಚಿಕೊಂಡು ಚಪ್ಪಲಿ ಅದಲುಬದಲು ಮೆಟ್ಟಿ ನಡೆದುಬಿಟ್ಟರಂತೆ. ಸ್ವಂತ ಭಾವನನ್ನು, ಅಂದರೆ ನನ್ನ ಅಪ್ಪನನ್ನು, ಎಡಗಡೆಯ ಕನ್ನಡಿ ನೋಡಲಿಲ್ಲವೆಂಬ ಒಂದೇ ಕಾರಣಕ್ಕೆ ವಾಪಸು ಕಳಿಸಿದ ಮಹಾನುಭಾವ. ಅಪ್ಪ ಒಂದು ವರ್ಷ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಮಾವ ರಸ್ತೆಯನ್ನು ನೋಡುತ್ತಲೇ ಇರಲಿಲ್ಲವಂತೆ. ಎಡಸೀಟಿನಲ್ಲಿ ಓರೆಯಾಗಿ ಕುಳಿತು ಓಡಿಸುವವನ ಕಣ್ಣನ್ನೇ ನೋಡುತ್ತಿದ್ದರು. "ರಸ್ತೆ ನೋಡೋಕೆ ಅವನಿದಾನೆ. ಅವನು ನೋಡ್ತಾನೋ ಇಲ್ವೋ ಅಂತ ನೋಡೋಕೆ ನಾನಿರೋದು" ಎಂದು ಒಮ್ಮೆ ನನಗೆ ವಿವರಿಸಿದ್ದರು.

ಈಗ ಆ ಸೀಟು ನನ್ನ ಪಾಲಿಗೆ ಬಂದಿತ್ತು. ಬಿಸಿಲು ಎಷ್ಟೇ ಇರಲಿ, ಸ್ಟೀರಿಂಗ್ ಮುಂದೆ ಕೂರುವಾಗ ಆ ಬೂದುಬಣ್ಣದ ಕೋಟು ಮೈಮೇಲೆ ಇರಲೇಬೇಕು. ಮೊಣಕೈ ಸವೆದಲ್ಲಿ ಅತ್ತೆ ಹಾಕಿದ ತೇಪೆ ಪ್ರತಿ ತಿರುವಿನಲ್ಲೂ ನನ್ನತ್ತ ಬಂದು ಹೋಗುತ್ತಿತ್ತು. ಒಳ್ಳೆಯ ವಸತಿಗೃಹಗಳೆಲ್ಲ ನೀರನ್ನು ಬಲಕ್ಕಿಟ್ಟುಕೊಂಡು ಹೋದರೆ ಮೊದಲು ಸಿಗುತ್ತವೆಂದು ಅತ್ತೆ ಎಷ್ಟು ಹೇಳಿದರೂ ಕೇಳದೆ, "ನೀರು ನನ್ನ ಎಡಗಡೆಗೇ ಇರ್ಲಿ" ಎಂದು ಹಟ ಹಿಡಿದು ವಿರುದ್ಧ ದಿಕ್ಕಿನಿಂದ ಹೊರಟಿದ್ದರು. ವೇಗ ಇಪ್ಪತ್ತೈದು ಮೀರಲಿಲ್ಲ. ಹಿಂದಿನ ಲಾರಿಗಳು ಬೊಬ್ಬೆ ಹೊಡೆದವು. ಪಕ್ಕದಿಂದ ಹಾದುಹೋದ ಬೈಕಿನ ಹುಡುಗರು ಒಳಗೆ ಇಣುಕಿ ನಕ್ಕರು. "ಹೋಗ್ಲಿ, ಹೋಗ್ಲಿ. ಸರೋವರ ಎಲ್ಲಿಗೂ ಓಡಿಹೋಗಲ್ಲ" ಎಂದು ಮಾವ ದಾರಿ ಬಿಡುತ್ತಿದ್ದರು. ನೋಡಿದವರಿಗೆ ಅದೊಂದು ರಸಿಕ ಸಂಸಾರದ ವಿಹಾರ. ನನಗೋ, ಅಂಗೈ ಬೆವರಿ ಬೆವರಿ ಸೀಟಿನ ಬಟ್ಟೆ ಒದ್ದೆಯಾಗಿತ್ತು.

ಎಚ್ಚರಿಕೆಯನ್ನು ಹೊಗಳಿಕೆಯ ವೇಷದಲ್ಲಿ ಕಳಿಸುವುದೊಂದೇ ನನಗೆ ಹೊಳೆದ ಉಪಾಯ. "ಆಹಾ, ಆ ಸೈಕಲ್ಲಿನವನ ಅಂಗಿ ಎಷ್ಟು ಚೆನ್ನಾಗಿದೆ ಮಾವ, ಅಲ್ಲಿ, ಎಡಗಡೆ!" ಮಾವ ಬಲಕ್ಕೆ ಸರಿದರು. "ಆ ಮೇಕೆ ನೋಡಿ, ಎಷ್ಟು ಬೆಳ್ಳಗಿದೆ!" ಕಾರು ನಿಂತಿತು. ಮೇಕೆ ಗಂಭೀರವಾಗಿ ರಸ್ತೆ ದಾಟಿತು.

"ಮೇಕೆ ಅಂದ್ರೆ ಯಾವಾಗಿಂದ ನಿಂಗೆ ಇಷ್ಟು ಪ್ರೀತಿ?" ಎಂದರು ಮಾವ, ಮುಂದೆ ನೋಡುತ್ತಲೇ.

ನಾನು ಕೆಮ್ಮಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಬಾಯಿ ಒತ್ತಿಕೊಂಡರು; ನಗುವೋ ಅಳುವೋ ಗೊತ್ತಾಗಲಿಲ್ಲ. ಆ ಸಂಜೆ ವಸತಿಗೃಹದ ಊಟದ ಮೇಜಿನ ಮೇಲೆ ಪರಿಚಾರಕ ನೀರಿನ ಲೋಟವನ್ನು ಮಾವನ ಎಡಗೈ ಬಳಿ ಇಟ್ಟು ಹೋದ. ಅತ್ತೆ ಮಾತಾಡುತ್ತಾಡುತ್ತಲೇ ಅದನ್ನು ಬಲಕ್ಕೆ ಸರಿಸಿದರು. ಮಾವ ಎತ್ತಿ ಕುಡಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಇಬ್ಬರು ಒಬ್ಬರಿಗೊಬ್ಬರು ಎಷ್ಟು ಮೃದುವಾಗಿ ಮೋಸಮಾಡಬಲ್ಲರು ಎಂದು ನನಗೆ ಮರುಕವೂ ಭಯವೂ ಒಟ್ಟಿಗೇ ಆಯಿತು.

ಎರಡನೆಯ ದಿನ ಮಧ್ಯಾಹ್ನ ನಾನು ಮೈಮರೆತೆ. ತಪ್ಪು ನನ್ನದೇ. ಮೋಡ ಸರಿದು ಬಿಸಿಲು ಬಿದ್ದು, ಕಣ್ಣು ಹಾಯುವಷ್ಟು ದೂರದ ನೀರೆಲ್ಲ ಒಮ್ಮೆಗೇ ಬೆಳ್ಳಿಯಾಯಿತು. ಒಂದೂವರೆ ದಿನದಲ್ಲಿ ಮೊದಲ ಬಾರಿಗೆ ನಾನು ರಸ್ತೆಯಂಚನ್ನು ಬಿಟ್ಟು ಸರೋವರವನ್ನು ನೋಡಿದೆ. ಅದೇ ಕ್ಷಣಕ್ಕೆ ದಡದ ಇಳಿಜಾರಿನಿಂದ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆಗೆ ಹತ್ತಿದಳು.

"ಎಡಗಡೆ! ರೀ, ಎಡಗಡೆ!" ಎಂದು ಅತ್ತೆ ಚೀರಿದರು.

ಬ್ರೇಕು ಬಿತ್ತು. ಮೂವತ್ತೊಂದು ವರ್ಷದ ಕಾಲು ಅದು, ತಡಮಾಡಲಿಲ್ಲ. ಬುಟ್ಟಿ ಉರುಳಿ ಮೀನುಗಳು ಬಾನೆಟ್ಟಿನ ಮೇಲೂ ರಸ್ತೆಯ ಮೇಲೂ ಚೆಲ್ಲಿದವು. ಹೆಂಗಸು ಒಂದು ಮೊಳದಾಚೆ, ಎರಡೂ ಕೈಯನ್ನು ಕಾರಿನ ಮೂತಿಗೆ ಊರಿ ನಿಂತಿದ್ದಳು. ಪೆಟ್ಟಾಗಿರಲಿಲ್ಲ. ಉಸಿರು ಬಂದದ್ದೇ ತಡ, ಬಾಯಿ ಬಂತು: "ಏನ್ರೀ ಯಜಮಾನ್ರೇ, ಕಣ್ಣು ಕಾಣಲ್ವಾ?"

ಈ ಮಾತು ನಮ್ಮ ರಸ್ತೆಗಳಲ್ಲಿ ದಿನಕ್ಕೆ ಸಾವಿರ ಸಲ ಕೇಳಿಬರುವಂಥದ್ದು. ಪ್ರಶ್ನೆಯ ರೂಪದಲ್ಲಿದ್ದರೂ ಅದಕ್ಕೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. "ನಿಂಗೆ ಕಾಣಲ್ವಾ" ಎಂದು ತಿರುಗಿಸಿ ಬೈಯುವುದು ರೂಢಿ. ಮಾವ ಬಾಗಿಲು ತೆಗೆದು ಇಳಿದರು. ಕೋಟಿನ ಗುಂಡಿ ಸರಿಮಾಡಿಕೊಂಡರು. ಅವಳ ಎದುರಿಗೆ ನೆಟ್ಟಗೆ ನಿಂತು, ಕಚೇರಿಯಲ್ಲಿ ಮೇಲಧಿಕಾರಿಗೆ ವರದಿ ಒಪ್ಪಿಸುವವರಂತೆ, "ಇಲ್ಲಮ್ಮ. ಈ ಕಡೆ ಕಾಣಲ್ಲ" ಎಂದರು.

ಹೆಂಗಸಿನ ಸಿಟ್ಟಿಗೆ ಇಳಿಯಲು ಜಾಗ ಸಿಗಲಿಲ್ಲ. "ಕಾಣ್ದೇ ಇದ್ರೆ ಮತ್ಯಾಕೆ ಓಡಿಸ್ತೀರ?" ಎಂದಳು, ದನಿ ಇಳಿಸಿ.

"ತಪ್ಪಾಯ್ತು. ನೀರಿನ ಕಡೆಯಿಂದ ಯಾರೂ ಬರಲ್ಲ ಅಂದ್ಕೊಂಡಿದ್ದೆ."

"ಚೆನ್ನಾಗ್ ಹೇಳಿದ್ರಿ! ನಾವೆಲ್ಲ ಬರೋದು ಆ ಕಡೆಯಿಂದ್ಲೇ."

ದಿಕ್ಕಿನ ಹಟ ನನಗೆ ಅರ್ಥವಾದದ್ದು ಆಗ. ಎಡಗಣ್ಣಿಲ್ಲದವನ ಎಡಕ್ಕೆ ಮೈಲುಗಟ್ಟಲೆ ನೀರಿದ್ದರೆ ಅಪಾಯವೇ ಇಲ್ಲವೆಂದು, ಪಾಪ, ಎಷ್ಟು ದಿನ ನಕ್ಷೆ ಬಿಡಿಸಿಕೊಂಡು ಕುಳಿತಿದ್ದರೋ. ಮಾವ ಕುಕ್ಕರುಗಾಲಲ್ಲಿ ಕುಳಿತು ಮೀನು ಆರಿಸತೊಡಗಿದರು. ಎಡಗಡೆ ಬಿದ್ದವು ಅವರಿಗೆ ಕಾಣುತ್ತಿರಲಿಲ್ಲ. ಆ ಹೆಂಗಸೇ ಒಂದೊಂದಾಗಿ ಅವರ ಬಲಕ್ಕೆ ತಳ್ಳಿಕೊಟ್ಟಳು. ಕೋಟಿನ ತೋಳು ಲೋಳೆಲೋಳೆಯಾಯಿತು. ಅತ್ತೆ ಇಳಿದು ಬಂದು ಪಕ್ಕದಲ್ಲಿ ನಿಂತರು.

"ನಂಗೆ ಗೊತ್ತಿತ್ತು" ಎಂದರು ಅತ್ತೆ.

"ನಿಂಗೆ ಗೊತ್ತಿದೆ ಅಂತ ನಂಗೂ ಗೊತ್ತಿತ್ತು. ಕೇಳ್ತೀಯ ಅಂತ ಕಾದೆ. ಕೇಳಿದ್ರೆ ಹೇಳ್ತಿದ್ದೆ."

ಎದ್ದು ಕೈ ಒರೆಸಿಕೊಂಡು ಕೀಯನ್ನು ನನ್ನ ಅಂಗೈಗೆ ಹಾಕಿದರು. ಮುಂದೆ ಅವರು ಎಂದೂ ಗಾಡಿ ಓಡಿಸಲಿಲ್ಲ. ಅದರ ಬಗ್ಗೆ ಗೊಣಗಿದ್ದನ್ನೂ ನಾನು ಕೇಳಲಿಲ್ಲ.

ಪರರನ್ನು ಪರೀಕ್ಷಿಸುವುದರಲ್ಲೇ ಆಯುಷ್ಯ ಸವೆಸಿದ ಇಂಥ ನಿಷ್ಠುರರನ್ನು ಅಲ್ಲಲ್ಲಿ ಕಂಡಿದ್ದೇನೆ: ಮೇಷ್ಟ್ರುಗಳು, ಡಾಕ್ಟರುಗಳು, ಅಳತೆಗಾರರು. ಅವರು ಸುಳ್ಳು ಹೇಳುವ ಜನವಲ್ಲ. ತಮ್ಮ ದೌರ್ಬಲ್ಯವನ್ನು ತಾವಾಗಿ ತೆರೆದಿಡುವ ಅಭ್ಯಾಸ ಅವರಿಗಿರುವುದಿಲ್ಲ, ಅಷ್ಟೆ. ಆದರೆ ಯಾರಾದರೂ ನೇರವಾಗಿ ಕೇಳಿಬಿಟ್ಟರೆ, ಬೈಗುಳದ ರೂಪದಲ್ಲಿ ಕೇಳಿದರೂ ಸರಿ, ಉಳಿದವರಿಗಿಂತ ಪ್ರಾಮಾಣಿಕವಾಗಿ ಉತ್ತರ ಕೊಡುತ್ತಾರೆ. ಅವರ ಸುತ್ತಲಿರುವ ನಮಗೆ ಪ್ರೀತಿ ಜಾಸ್ತಿ, ಧೈರ್ಯ ಕಡಿಮೆ. ಅವರ ಮನಸ್ಸಿಗೆ ನೋವಾಗದಿರಲೆಂದು ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ. ಅಂದು ಬ್ರೇಕು ಬೀಳದಿದ್ದರೆ, ಆ ನೋವಿನ ಬದಲಿಗೆ, ನಮಗೆ ಏನೂ ಅಲ್ಲದ ಒಬ್ಬ ಹೆಂಗಸಿನ ಪ್ರಾಣವನ್ನು ನಾನೂ ಅತ್ತೆಯೂ ಕೊಟ್ಟುಬಿಡುತ್ತಿದ್ದೆವು.