ಮೂರನೆಯ ಡ್ರಮ್ಮಿನ ಪ್ಲಮ್ ಬಿಯರು

ಅವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹೋದ ವರ್ಷ ಬಂದ ಜ್ವರ ಇಳಿಯುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ನಾಲಿಗೆಗೆ ಸಿಹಿ, ಹುಳಿ, ಕಹಿ ಗೊತ್ತಾಗುತ್ತಿತ್ತು, ಅಷ್ಟೇ.

ಬಿಯರು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದವನು. ತೊಟ್ಟಿಯ ಮುಚ್ಚಳ ಎತ್ತಿದರೆ ಸಾಕು, ಒಳಗೆ ಏನು ಕೆಟ್ಟಿದೆಯೆಂದು ಹೇಳುತ್ತಿದ್ದ. ಅದಕ್ಕೇ ಜೊತೆಯವರು ಮೂಗಿನಣ್ಣ ಎಂದು ಕರೆಯುತ್ತಿದ್ದರು. ಜ್ವರದ ನಂತರ ಎರಡು ತೊಟ್ಟಿ ನಾರುತ್ತಿದ್ದರೂ ಅವನು ಸರಿಯಿದೆ ಎಂದು ಬರೆದುಬಿಟ್ಟ. ಅಜಾಗರೂಕತೆ ಎಂದು ಬೈದು ಮೇಸ್ತ್ರಿ ಅವನನ್ನು ಬಾಟಲಿ ತೊಳೆಯುವ ಸಾಲಿಗೆ ಹಾಕಿದ. ಅವನೂ ಅಜಾಗರೂಕತೆ ಎಂದೇ ಒಪ್ಪಿಕೊಂಡ. ಅಜಾಗರೂಕನಿಗೆ ಇನ್ನೊಂದು ಅವಕಾಶ ಸಿಗುತ್ತದೆ. ಮೂಗು ಸತ್ತವನಿಗೆ ತೊಟ್ಟಿಯ ಹತ್ತಿರ ಕೆಲಸವೇ ಇಲ್ಲ.

ಅವಕಾಶ ಸಿಕ್ಕಿತು. "ಮನೇಲಿ ಒಂದು ಹಣ್ಣಿನ ಬಿಯರ್ ಮಾಡು. ನಾನೇ ಬಂದು ಕುಡಿದು ನೋಡ್ತೀನಿ. ಸರಿಯಿದ್ರೆ ವಾಪಸ್ ತೊಟ್ಟಿಗೆ ಬಾ" ಎಂದಿದ್ದ ಮೇಸ್ತ್ರಿ.

ಗುಟ್ಟು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಇನ್ನು ಮೂಸಿ ಹೇಳುವ ಮೂಗೂ ಅವಳದೇ.

ಮೊದಲ ಡ್ರಮ್ಮಿಗೆ ಪ್ಲಮ್ ಹಣ್ಣನ್ನು ಕುದಿಸಿ ಹಾಕಿದ. ಬಿಯರು ಕದಡಿಕೊಂಡು ನಿಂತಿತು. "ಜಾಮ್ ಡಬ್ಬಿಗೆ ನೀರು ಹಾಕಿ ಕಲಸಿದ ಹಾಗಿದೆ" ಎಂದಳು. ಎರಡನೆಯದಕ್ಕೆ ಹಸಿ ಹಣ್ಣನ್ನು ಹಾಗೇ ಹಾಕಿದ. ವಾಸನೆ ತಿಳಿಯದ ಚಡಪಡಿಕೆಗೆ ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ಇಣುಕಿದ. ಸಿಪ್ಪೆಯ ಮೇಲಿದ್ದ ಕ್ರಿಮಿಯೋ, ಒಳಗೆ ಹೋದ ಗಾಳಿಯೋ, ಅದು ವಿನೆಗರ್ ಆಯಿತು. ಅಷ್ಟು ಅವನ ನಾಲಿಗೆಗೇ ಗೊತ್ತಾಯಿತು.

ಕುದಿಸುವ ಹಾಗಿಲ್ಲ, ಹಸಿ ಹಾಕುವ ಹಾಗಿಲ್ಲ. ಅಡುಗೆಮನೆಯ ಬಾಗಿಲಿಗೂ ಸಿಂಕಿಗೂ ನಡುವೆ ಅವನು ಓಡಾಡಿದ. ನೆಲದ ಮೇಲೆ ಕೂತು ಹಣ್ಣು ಹೆಚ್ಚುತ್ತಿದ್ದ ಹೆಂಡತಿ ಎರಡು ಸಲ ಕಾಲು ಎಳೆದುಕೊಂಡಳು.

"ತೊಳೆದು ಹಾಕಿ. ನಮ್ಮ ಕೆಲಸದಲ್ಲಿ ಎಲ್ಲಾನೂ ಬ್ಲೀಚ್ ನೀರಲ್ಲೇ ತೊಳೆಯೋದು. ಒಂದು ಕ್ರಿಮಿ ಉಳಿಯಲ್ಲ."

"ಅದು ವಾಸನೆ ಬರಲ್ವಾ?"

"ಎರಡು ಸಲ ನೀರು ಹಾಕಿದ್ರೆ ಎಲ್ಲಿ ಬರುತ್ತೆ? ನಾನಿಲ್ವಾ ಮೂಸೋಕೆ?"

ಮೂರನೆಯ ಡ್ರಮ್ಮಿಗೆ ನಾಲ್ಕು ಕಿಲೋ ಹಣ್ಣನ್ನು ಅವಳೇ ಬ್ಲೀಚ್ ನೀರಿನಲ್ಲಿ ನೆನೆಸಿ, ತೊಳೆದು ಕೊಟ್ಟಳು. ಮುಚ್ಚಳಕ್ಕೆ ಟೇಪು ಸುತ್ತಿ ಅವನು ತನ್ನ ಕೈ ಕಟ್ಟಿಕೊಂಡ. ನಿದ್ದೆ ಸರಿಯಾಗಿ ಬರಲಿಲ್ಲ. ನಾಲ್ಕನೆಯ ವಾರ ಟೇಪು ಬಿಚ್ಚಿ ಲೋಟ ತುಂಬಿಸಿದ.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನು? ಒಂದೊಂದಾಗಿ ಹೇಳು."

"ಮೊದಲು ಪ್ಲಮ್ ಬರುತ್ತೆ. ಹಿಂದೆ ಸುಟ್ಟ ಬ್ರೆಡ್ ಬರುತ್ತೆ. ಆಮೇಲೆ ನೀವು ಬರ್ತೀರಿ. ಸ್ನಾನ ಮಾಡಿ ಮೂರು ದಿನ ಆಯ್ತಲ್ರೀ."

ಅವನು ನಗಲಿಲ್ಲ. ಹೇಳಿದ್ದನ್ನು ಬಾಯಿಪಾಠ ಮಾಡಿದ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಂದ. ಲೋಟವನ್ನು ಕಿಟಕಿಗೆ ಹಿಡಿದು ನೋಡಿದ. "ಬಣ್ಣ ಚೆನ್ನಾಗಿದೆ ಕಣೋ" ಎಂದ. ಒಂದು ಗುಟುಕು ಕುಡಿದ. ಎದ್ದು ಹೋಗಿ ಸಿಂಕಿನಲ್ಲಿ ಉಗಿದ.

"ಆಸ್ಪತ್ರೆ ಬ್ಯಾಂಡೇಜು ನೆಕ್ಕಿದ ಹಾಗಿದೆ. ಹಣ್ಣು ಯಾವುದರಲ್ಲಿ ತೊಳೆದೆ?"

"ಬ್ಲೀಚ್ ನೀರಲ್ಲಿ, ನಾನೇ ತೊಳೆದದ್ದು" ಎಂದು ಹೆಂಡತಿ ಮುಂದೆ ಬಂದಳು. ಲೋಟ ತೆಗೆದುಕೊಂಡು ಮೂಸಿದಳು. ಮತ್ತೆ ಮೂಸಿದಳು. "ನನಗೇನೂ ಹಾಗೆ ಬರ್ತಿಲ್ವಲ್ಲ."

"ನೀವು ಎಲ್ಲಿ ಕೆಲಸ ಮಾಡೋದಮ್ಮ?"

"ಆಸ್ಪತ್ರೇಲಿ. ವಾರ್ಡ್ ತೊಳೆಯೋದು. ಹದಿನಾಲ್ಕು ವರ್ಷ ಆಯ್ತು."

ಹೇಳುತ್ತಲೇ ಅವಳು ತನ್ನ ಕೈ ನೋಡಿಕೊಂಡಳು. ದಿನಕ್ಕೆ ಎಂಟು ಗಂಟೆ ಅದೇ ವಾಸನೆಯಲ್ಲಿ ನಿಲ್ಲುವವಳಿಗೆ ಅದು ಬರಿ ಗಾಳಿ.

"ಇವರಿಗೆ ಅಭ್ಯಾಸವಾಗಿದೆ, ಬಿಡು" ಎಂದ ಮೇಸ್ತ್ರಿ. "ನಿನಗೇನಾಗಿತ್ತು ಮೂಗಿನಣ್ಣ? ತಗೋ, ಏನು ಬರುತ್ತೆ ಹೇಳು."

ಅವನು ಲೋಟವನ್ನು ಮೂಗಿನ ಹತ್ತಿರ ಹಿಡಿದ.

"ಮೊದಲು ಪ್ಲಮ್ ಬರುತ್ತೆ" ಎಂದ. "ಹಿಂದೆ ಸುಟ್ಟ ಬ್ರೆಡ್."

ಮೇಸ್ತ್ರಿ ಅವನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿಗೆ ಕೈ ಒರೆಸುತ್ತಲೇ ಇದ್ದಳು.

"ಯಾವಾಗಿಂದ?"

"ಜ್ವರ ಬಂದಾಗಿಂದ."

"ಆಗಲೇ ಹೇಳೋದಲ್ವೇನೋ."

"ಹೇಳಿದ್ರೆ ಇಟ್ಕೋತಿದ್ರಾ?"

ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡು, "ನಾಳೆ ಬಾಟಲಿ ಸಾಲಿಗೆ ಬಾ. ಹೊತ್ತಿಗೆ ಸರಿಯಾಗಿ ಬಾ" ಎಂದು ಹೋದ.

ಗಂಡ ಹೆಂಡತಿ ಸೇರಿ ಡ್ರಮ್ಮನ್ನು ಬಚ್ಚಲಿಗೆ ಎಳೆದು ಬಗ್ಗಿಸಿದರು. ಖಾಲಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಣ್ಣಿನ ಸಿಪ್ಪೆ ತೂತಿಗೆ ಸಿಕ್ಕಿಕೊಂಡು ನೀರು ನಿಂತಿತು. ಅವಳು ಕೈ ಹಾಕಿ ತೆಗೆದಳು.

ಮಾರನೆಯ ದಿನ ಬಾಟಲಿ ಸಾಲಿನಲ್ಲಿ ಎಲ್ಲರೂ ಅವನನ್ನು ಬರಿ ಅಣ್ಣ ಎಂದರು.

ಮೂರು ಡ್ರಮ್ಮು ಸೇರಿ ಹೋದದ್ದು ಅರವತ್ತು ಲೀಟರ್ ಬಿಯರು, ಹನ್ನೆರಡು ಕಿಲೋ ಪ್ಲಮ್, ಮೂರು ತಿಂಗಳು, ತೊಟ್ಟಿಯ ಪಕ್ಕದ ಕೆಲಸ ಒಂದು, ಹೆಸರು ಒಂದು.