ಮೂರನೆಯ ಹೂವು

ಬಸ್ ನಿಲ್ದಾಣದ ಹೂವಿನವಳು ಅತ್ತೆಯನ್ನು ಕೇಳಿದಳು, "ಬದುಕಿರೋರಿಗಾ ಅಜ್ಜಿ, ತೀರಿಕೊಂಡೋರಿಗಾ?"

"ಬದುಕಿರೋನಿಗೆ. ಮೂರು ಕೊಡು."

"ನಿಮ್ಮ ಮುಖ ನೋಡಿ ಬೇರೆ ಅಂದ್ಕೊಂಡೆ."

"ನನ್ನ ಮುಖ ಹುಟ್ಟಿದಾಗಿಂದ ಹೀಗೇ. ನೀನು ಹೂವು ನೋಡಿ ಕೊಡು, ಬಾಡಿರೋದು ತುರುಕಬೇಡ."

ನಮ್ಮ ಉಕ್ರೇನಿನಲ್ಲಿ ಸತ್ತವರಿಗೆ ಸಮಸಂಖ್ಯೆಯ ಹೂವು, ಬದುಕಿರುವವರಿಗೆ ಬೆಸ. ಯುದ್ಧದಲ್ಲಿ ಸತ್ತ ನನ್ನ ಗಂಡ ರೊದಿಯೋನ್‌ನನ್ನು ಖಾರ್ಕಿವ್‌ನಲ್ಲಿ ಮಣ್ಣು ಮಾಡಿ ಒಂದು ವರ್ಷವಾಗಿತ್ತು. ಪೆಟ್ಟಿಗೆ ತೆರೆಯಲು ಸೈನ್ಯದವರು ಬಿಡಲಿಲ್ಲ. ಡಿಎನ್‌ಎ ಪರೀಕ್ಷೆಯಾಗಿದೆ, ಅವನೇ, ಎಂದರು. ನಾನು ನಂಬಿದೆ. ಅತ್ತೆ ನಂಬಲಿಲ್ಲ.

"ರೋದಿಕ್ ಬಂದು ಈ ಗೋರಿ ನೋಡಿ ನಗ್ತಾನೆ ನೋಡ್ತಿರು," ಎಂದು ಮಗನ ಮುದ್ದಿನ ಹೆಸರು ಹಿಡಿದು ಹೇಳುತ್ತಿದ್ದರು. ಮನೆಯಲ್ಲಿ ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಸಾಕು, ತಲೆ ಎತ್ತುತ್ತಿದ್ದರು. ಅವರು ಒಮ್ಮೆ ಒಪ್ಪಿಕೊಂಡರೆ ಇಬ್ಬರೂ ಕೂತು ಅಳಬಹುದು ಎಂದು ನಾನು ಕಾಯುತ್ತಿದ್ದೆ. ಒಬ್ಬಳೇ ಅಳಲು ನನಗೆ ಆಗಿರಲಿಲ್ಲ.

ಗೋರಿಯ ಮೇಲೆ ಮೂರು ಹೂವು ಇಡುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಗಡಿಯಾಚೆ ರಷ್ಯಾದ ಬೆಲ್ಗೊರೊದ್‌ನಲ್ಲಿರುವ ಅವರ ತಂಗಿ ಝೋಯಾ. ಯುದ್ಧ ಶುರುವಾದ ಮೇಲೆ ಅವಳು ಕರೆ ಮಾಡಿದ್ದು ಇದೇ ಮೊದಲು. ಪರದೆಯಲ್ಲಿ ಅವಳು ಅಳುತ್ತಿದ್ದಳು.

"ಅಕ್ಕಾ, ಈಗಷ್ಟೇ ಗೊತ್ತಾಯ್ತು ಕಣೇ. ಅವನ ಫೋಟೋ ತೋರ್ಸು."

ಅತ್ತೆ ಫೋನನ್ನು ಶಿಲುಬೆಯ ಕಡೆ ತಿರುಗಿಸಿದರು. ಗಾಳಿಗೆ ಗೋರಿಯ ಮೇಲಿನ ಉಕ್ರೇನಿನ ಬಾವುಟ ಶಿಲುಬೆಯಲ್ಲಿದ್ದ ಫೋಟೋದ ಮೇಲೆ ಸುತ್ತಿಕೊಂಡಿತ್ತು.

"ಆ ನೀಲಿ ಹಳದಿ ಬಟ್ಟೆ ಕಿತ್ತು ಬಿಸಾಕು. ನಾನು ಎತ್ತಿ ಆಡಿಸಿದ ಮಗು ಅದು. ರಷ್ಯನ್ ಮಾತಾಡ್ಕೊಂಡು ಬೆಳೆದೋನು, ನಮ್ಮೋನು. ನಿಮ್ಮೋರೇ ತಲೆ ಕೆಡ್ಸಿ ಸಾಯಿಸಿದ್ರು."

ಅತ್ತೆ ಬಾವುಟವನ್ನು ನೋಡಿದರು. ಆಮೇಲೆ ಅದೇ ರಷ್ಯನ್‌ನಲ್ಲಿ ಮಾತಾಡಿದರು. ಅವರಿಗೆ ಚೆನ್ನಾಗಿ ಬರುವ ಭಾಷೆ ಅದೊಂದೇ.

"ಝೋಯಾ, ಕೇಳಿಸ್ಕೋ. ನನ್ನ ಮಗ ಸತ್ತ. ನಿಮ್ಮೋರು ಕೊಂದ್ರು. ಉಕ್ರೇನಿನೋನಾಗಿ ಸತ್ತ. ಇಲ್ಲೇ ಇದಾನೆ, ನನ್ನ ಕಾಲ ಹತ್ರ. ನಿನಗೆ ಕೊಡಲ್ಲ."

ಫೋನ್ ಆರಿಸಿದರು. ಬಗ್ಗಿ ಒಂದು ಹೂವನ್ನು ತೆಗೆದು ನನ್ನ ಕೈಗಿಟ್ಟರು. ಗೋರಿಯ ಮೇಲೆ ಎರಡು ಉಳಿದವು.

ನಾನು ಅವರ ಭುಜ ಹಿಡಿದೆ.

"ಚಳಿ. ನಡಿ," ಎಂದರು. ಅಳಲಿಲ್ಲ. ನನಗೂ ಅಳು ಬರಲಿಲ್ಲ. ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿಕೊಂಡೆ.

ಸಂಜೆ ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತಿತು. ಅತ್ತೆ ಆಲೂಗಡ್ಡೆ ಸುಲಿಯುತ್ತಲೇ ಇದ್ದರು.

ತಲೆ ಎತ್ತಿದವಳು ನಾನು.